ಟಾಮ್‌ನ ಹುಬ್ಬು ನೋಡಿ ಇಸವಿ ಹೇಳುವುದು

ಟಿವಿಯಲ್ಲಿ ಟಾಮ್ ಅಂಡ್ ಜೆರ್ರಿ ಬರುತ್ತಿದ್ದರೆ ಸದ್ದು ಪೂರ್ತಿ ಇಳಿಸಿ ಟಾಮ್‌ನ ಹಣೆಯನ್ನಷ್ಟೇ ನೋಡಿ. ಕಣ್ಣಿನ ಮೇಲೆ ಎರಡು ಮೂರು ಗೀಟು, ಕೆನ್ನೆಯಲ್ಲಿ ಕೆದರಿದ ಕೂದಲು, ಮೂತಿಯ ಸುತ್ತ ಸುಕ್ಕು ಕಂಡರೆ ಅದು 1940–42ರ ಬೆಕ್ಕು. ಮೈ ನುಣುಪಾಗಿ, ಸುಕ್ಕೆಲ್ಲ ಮಾಯವಾಗಿ, ಹುಬ್ಬು ಒಂದೇ ಗೀಟಿಗೆ ಇಳಿದಿದ್ದರೆ ಆ ದಶಕದ ಕೊನೆಯದು. ಮೈಸುತ್ತ ದಪ್ಪ ಕಪ್ಪು ಅಂಚಿದ್ದು, ಹಿಂದಿನ ಗೋಡೆ ಒಂದೇ ಬಣ್ಣ ಬಳಿದು ಬಿಟ್ಟಂತಿದ್ದರೆ 1955–58. ಹುಬ್ಬು ದಪ್ಪಗಿದ್ದು, ಕಿವಿ ಚೂಪಾಗಿ, ಕೆನ್ನೆಯ ತುಪ್ಪಳ ಆಚೆ ಚಾಚಿಕೊಂಡಿದ್ದರೆ 1963–67. ಜೆರ್ರಿಯ ಕೊರಳಲ್ಲಿ ಕೆಂಪು ಬೋ ಟೈ ಕಂಡಿತೋ, ಅದು ಹೆಚ್ಚಾಗಿ 1975 ಅಥವಾ ಅದರ ನಂತರದ ಟಿವಿ ಮಾಲು.

ಈ ಸರಣಿಯಲ್ಲಿ ಪಾತ್ರಗಳು ಕತೆಯೊಳಗೆ ಬೆಳೆಯುವುದೇ ಇಲ್ಲ. ಒಂದು ಚಿತ್ರದಲ್ಲಿ ಆದದ್ದು ಮುಂದಿನದರಲ್ಲಿ ಯಾರಿಗೂ ನೆನಪಿರುವುದಿಲ್ಲ. ಸತ್ತವನೂ ಮರುವಾರ ಹಾಜರು. ಮಾತೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಟಾಮ್‌ನ ಸ್ವಭಾವ ಎಂಬುದು ಇರುವುದೇ ಗೀಟಿನಲ್ಲಿ ಮತ್ತು ಟೈಮಿಂಗ್‌ನಲ್ಲಿ. ಗೀಟು ಎಳೆಯುವ ಕೈ, ಅದಕ್ಕೆ ಸಿಗುವ ದುಡ್ಡು, ಪ್ರಸಾರ ಮಾಡುವವರ ಕಟ್ಟುಪಾಡು ಬದಲಾದಾಗಲೆಲ್ಲ ಬೆಕ್ಕಿನ ಬುದ್ಧಿಯೇ ಬದಲಾಗಿದೆ. ಕತೆಗಾರ ಪಾತ್ರವನ್ನು ತಿದ್ದುವುದಕ್ಕಿಂತ ಇದು ಬೇರೆ ಥರದ ಬದಲಾವಣೆ. ನನಗೆ ಅದಕ್ಕಿಂತ ಕುತೂಹಲದ್ದು.

ಮೊದಲ ಚಿತ್ರ ‘ಪುಸ್ ಗೆಟ್ಸ್ ದಿ ಬೂಟ್’ ತೆರೆಗೆ ಬಂದದ್ದು 1940ರ ಫೆಬ್ರುವರಿಯಲ್ಲಿ. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಜೊತೆಯಾಗಿ ಮಾಡಿದ್ದು. ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಇಲಿಗೆ ತೆರೆಯ ಮೇಲೆ ಹೆಸರೇ ಇಲ್ಲ, ಸ್ಟುಡಿಯೋದೊಳಗೆ ಜಿಂಕ್ಸ್ ಅನ್ನುತ್ತಿದ್ದರು. ಈ ಬೆಕ್ಕು ನಿಜವಾದ ಬೆಕ್ಕು: ನಾಲ್ಕು ಕಾಲಲ್ಲಿ ನಡೆಯುತ್ತದೆ, ಇಲಿಯ ಬಾಲ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಗೋಡೆಯ ಮೇಲೆ ಶಾಯಿಯಲ್ಲಿ ಸುಳ್ಳು ಬಿಲ ಬರೆದು ಇಲಿ ಹೋಗಿ ಡಿಕ್ಕಿ ಹೊಡೆಯುವುದನ್ನು ನೋಡುತ್ತದೆ. ಆಮೇಲೆ ಮನೆ ನೋಡಿಕೊಳ್ಳುವ ಹೆಂಗಸು, ಇನ್ನೊಂದು ಸಾಮಾನು ಒಡೆದರೆ ಹೊರಗೆ ಹಾಕುತ್ತೇನೆ ಎಂದು ಎಚ್ಚರಿಸುತ್ತಾಳೆ. ಇಲಿಗೆ ಅಷ್ಟೇ ಸಾಕು, ಗಾಜಿನ ಲೋಟವನ್ನು ಮೇಜಿನಂಚಿಗೆ ತಂದು ನಿಲ್ಲುತ್ತದೆ.

ಜೆರ್ರಿಯ ಇಡೀ ಪಾತ್ರ ಆ ಲೋಟದಲ್ಲಿದೆ. ಅವನಿಗೆ ಶಕ್ತಿಯಿಲ್ಲ, ಮನೆಯ ಕಾನೂನನ್ನು ಬೆಕ್ಕಿನ ಮೇಲೆ ತಿರುಗಿಸುವ ಚಾಲಾಕಿತನವಿದೆ. ಇಲ್ಲಿ ಅವನು ತಾನಾಗಿ ಜಗಳ ತೆಗೆಯುವವನಲ್ಲ ಎಂಬುದನ್ನು ಗಮನಿಸಿ. ಅದು ಮುಂದೆ ಬದಲಾಗುತ್ತದೆ.

ಬೆಕ್ಕು–ಇಲಿ ಸಾಕು ಎಂದು ನಿರ್ಮಾಪಕ ಫ್ರೆಡ್ ಕ್ವಿಂಬಿ ಹನ್ನಾ, ಬಾರ್ಬೆರಾ ಇಬ್ಬರನ್ನೂ ಬೇರೆ ಕೆಲಸಕ್ಕೆ ಹಚ್ಚಿದ್ದರು. ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಟೆಕ್ಸಸ್‌ನ ಚಿತ್ರಮಂದಿರ ವ್ಯವಹಾರದ ಮಹಿಳೆಯೊಬ್ಬರು ಇನ್ನಷ್ಟು ಬರುತ್ತವೆಯೇ ಎಂದು ಕೇಳಿ ಪತ್ರ ಬರೆದರು, ನಿರ್ಧಾರ ಬದಲಾಯಿತು. ಸ್ಟುಡಿಯೋದೊಳಗೆ ಹೆಸರಿನ ಸ್ಪರ್ಧೆ ಇಟ್ಟರು. ಜಾನ್ ಕಾರ್ ಎಂಬ ಅನಿಮೇಟರ್ ಸೂಚಿಸಿದ ಟಾಮ್, ಜೆರ್ರಿ ಆಯ್ಕೆಯಾಗಿ ಅವರಿಗೆ 50 ಡಾಲರ್ ಸಿಕ್ಕಿತು. 1941ರ ‘ದಿ ಮಿಡ್‌ನೈಟ್ ಸ್ನ್ಯಾಕ್’ನಿಂದ ಅದೇ ಹೆಸರು.

ಸುಕ್ಕು, ಕೂದಲು ಯಾಕೆ ಹೋದವು ಎಂಬುದಕ್ಕೆ ಒಂದು ಲೆಕ್ಕ ಹಾಕಿ ನೋಡಬಹುದು. ಸಿನಿಮಾ ರೀಲು ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಏಳು ನಿಮಿಷದ ಚಿತ್ರವೆಂದರೆ 10,080 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ, ಪೂರ್ತಿ ಹೊತ್ತು ತೆರೆಯ ಮೇಲಿರುವ ಪಾತ್ರಕ್ಕೆ 5,040 ಚಿತ್ರ ಬೇಕು. ಓಟ, ಹೊಡೆತದಂಥ ಜೋರಿನ ಜಾಗದಲ್ಲಿ ಪ್ರತಿ ಫ್ರೇಮಿಗೂ ಹೊಸ ಚಿತ್ರ. ಪೆನ್ಸಿಲಿನಲ್ಲಿ ಬರೆದದ್ದನ್ನು ಇನ್ನೊಬ್ಬರು ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದಬೇಕು, ಮತ್ತೊಬ್ಬರು ಸೆಲ್ ಮಗುಚಿ ಹಿಂಬದಿಗೆ ಬಣ್ಣ ತುಂಬಬೇಕು. ಮುಖದ ಮೇಲೆ ಆರು ಗೀಟು ಹೆಚ್ಚಿದ್ದರೆ ಶಾಯಿ ಹಾಕುವವರಿಗೆ ಸುಮಾರು 30 ಸಾವಿರ ಗೀಟು ಹೆಚ್ಚಾಯಿತು. ಶ್ರಮ ಒಂದು ಕಡೆಗಿರಲಿ, ಇನ್ನೂ ಕೆಟ್ಟದ್ದೊಂದಿದೆ: ಚಿಕ್ಕ ಗೀಟುಗಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಸರಿದರೂ ಮುಖ ಸುಮ್ಮನಿದ್ದಾಗಲೂ ಕುದಿಯುವಂತೆ ಕಾಣುತ್ತದೆ. 1941ರ ಟಾಮ್ ನಿಂತಲ್ಲಿ ಕೆನ್ನೆ ನೋಡಿದರೆ ಆ ನಡುಕ ಗೊತ್ತಾಗುತ್ತದೆ. ಹೀಗೆ ತುಪ್ಪಳ ಹೋಯಿತು, ಸುಕ್ಕು ಹೋಯಿತು, ಬೆಕ್ಕು ಎರಡು ಕಾಲಲ್ಲಿ ಎದ್ದು ನಿಂತಿತು.

ಗೀಟು ಕಡಿಮೆಯಾದ ಮೇಲೆ ಉಳಿದ ಗೀಟುಗಳಿಗೆ ಕೆಲಸ ಹೆಚ್ಚಾಯಿತು. ಎರಡು ಕಾಲಲ್ಲಿ ನಿಂತ ಬೆಕ್ಕಿಗೆ ಕೈ ಸಿಕ್ಕಿತು. ಕೈ ಸಿಕ್ಕರೆ ಕೊಡಲಿ, ಪುಸ್ತಕ, ಪಿಯಾನೋ ಎಲ್ಲ ಹಿಡಿಯಬಹುದು. 1944ರ ‘ಮೌಸ್ ಟ್ರಬಲ್’ನಲ್ಲಿ ಟಾಮ್ ಇಲಿ ಹಿಡಿಯುವ ಕೈಪಿಡಿ ತರಿಸಿಕೊಂಡು ಓದುತ್ತಾನೆ. ಓದಿದ್ದನ್ನೆಲ್ಲ ಮಾಡಿ, ತಲೆಗೂದಲು ಕಳಕೊಂಡು, ಕಿತ್ತಳೆ ಬಣ್ಣದ ವಿಗ್ ಇಟ್ಟುಕೊಂಡು ಮುಂದುವರಿಯುತ್ತಾನೆ. ನಾಲ್ಕು ವರ್ಷದ ಹಿಂದೆ ಹೊಟ್ಟೆ, ಆಟ ಎರಡಕ್ಕೇ ಬೇಟೆಯಾಡುತ್ತಿದ್ದವನು ಈಗ ಮಾನ ಉಳಿಸಿಕೊಳ್ಳಲು ಬೇಟೆಯಾಡುತ್ತಾನೆ. ನನ್ನ ದೃಷ್ಟಿಯಲ್ಲಿ ಸರಣಿಯ ಅತಿ ದೊಡ್ಡ ತಿರುವು ಇದು, ಯಾರೂ ಕೂತು ನಿರ್ಧರಿಸಿದ್ದಲ್ಲ.

ವೇಗ ಹೆಚ್ಚಿದ್ದಕ್ಕೆ ಪಕ್ಕದ ಕೋಣೆ ಕಾರಣ. ಇನ್ನೊಬ್ಬ ಕಾರ್ಟೂನ್ ನಿರ್ದೇಶಕ ಟೆಕ್ಸ್ ಏವರಿ ಎಂಜಿಎಂಗೆ ಬಂದ ಮೇಲೆ ಅವರ ಚಿತ್ರಗಳ ಬಿರುಸು, ಅತಿರೇಕ ಹನ್ನಾ–ಬಾರ್ಬೆರಾ ಜೋಡಿಗೂ ತಟ್ಟಿತು. ಇವರಿಬ್ಬರಲ್ಲಿ ಕೆಲಸ ಹಂಚಿಕೆ ಸ್ಪಷ್ಟ: ಬಾರ್ಬೆರಾ ಕತೆ, ಹಾಸ್ಯ ಹೊಳೆಯಿಸಿ ಸ್ಕೆಚ್ ಹಾಕುತ್ತಿದ್ದರು, ಹನ್ನಾ ಯಾವ ಪೆಟ್ಟು ಎಷ್ಟು ಫ್ರೇಮ್ ಎಂದು ಕಾಲ ಕಟ್ಟುತ್ತಿದ್ದರು. ಟಾಮ್‌ನ ಆ ಪ್ರಸಿದ್ಧ ಕಿರುಚಾಟವೂ ಹನ್ನಾ ಅವರದೇ ಗಂಟಲು. ಧ್ವನಿಮುದ್ರಣದ ಆರಂಭ, ಕೊನೆ ಎರಡನ್ನೂ ಕತ್ತರಿಸಿ ನಡುವಿನ ಗಟ್ಟಿ ಭಾಗವನ್ನಷ್ಟೇ ಇಟ್ಟರು. ಉಸಿರೆಳೆಯುವ ಸದ್ದು, ನರಳಿಕೆ ಇಲ್ಲದ್ದರಿಂದ ನೋವು ಕೇಳಿಸುವುದಿಲ್ಲ, ಗಾಬರಿ ಮಾತ್ರ ಕೇಳಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಪ್ರಾಗ್‌ನಲ್ಲಿ ಮಾಡಿದ ಚಿತ್ರಗಳ ಮಾತು ಬಂದಾಗ ಬೇಕಾಗುತ್ತದೆ.

ಒಂದೇ ಚಿತ್ರದೊಳಗೂ ಇಬ್ಬರು ಟಾಮ್ ಇರುತ್ತಾರೆ. ದೃಶ್ಯಗಳನ್ನು ಅನಿಮೇಟರುಗಳಿಗೆ ಹಂಚುತ್ತಿದ್ದರು. ಕೆನೆತ್ ಮ್ಯೂಸ್ ಕೈಯಲ್ಲಿ ಟಾಮ್ ದುಂಡಗೆ, ಮೃದುವಾಗಿ, ಒಂದು ಭಾವದಿಂದ ಇನ್ನೊಂದಕ್ಕೆ ಜಾರುತ್ತಾನೆ. ಅರ್ವಿನ್ ಸ್ಪೆನ್ಸ್ ಕೈಗೆ ಬಂದರೆ ಹಲ್ಲೆಲ್ಲ ಹೊರಗೆ, ಮುಖ ರಬ್ಬರು. ಪಾತ್ರವನ್ನು ಹೀಗೇ ಬರೆಯಬೇಕೆಂದು ತೋರಿಸುವ ಮಾದರಿ ಹಾಳೆ, ಅಂದರೆ ಮಾಡೆಲ್ ಶೀಟ್, ಎಲ್ಲರ ಮೇಜಿನ ಮೇಲೂ ಒಂದೇ ಇತ್ತು. ಅಳತೆಯನ್ನು ಅದು ಕಾಯುತ್ತದೆ, ಮನೋಧರ್ಮವನ್ನು ಕಾಯಲಾರದು.

ಟಾಮ್‌ಗೆ ಮಾನ ಬಂದಂತೆ ಜೆರ್ರಿಗೆ ಕಿತಾಪತಿ ಬಂತು. 1943ರ ‘ದಿ ಲೋನ್ಸಮ್ ಮೌಸ್’ನಲ್ಲಿ ಟಾಮ್‌ನನ್ನು ಮನೆಯಿಂದ ಓಡಿಸುತ್ತಾರೆ. ಜೆರ್ರಿ ಕುಣಿದಾಡಿ, ಆಮೇಲೆ ಬೇಜಾರು ಬಂದು, ಅವನನ್ನು ವಾಪಸ್ ಕರೆಸುವ ಸಂಚು ಹೂಡುತ್ತಾನೆ. ಅಂದರೆ ಮೂರೇ ವರ್ಷದಲ್ಲಿ ಇಲಿಗೆ ಬೆಕ್ಕು ಬೇಕಾಗಿದೆ. ಅದೇ ವರ್ಷದ ‘ದಿ ಯಾಂಕೀ ಡೂಡಲ್ ಮೌಸ್’ ನೆಲಮಾಳಿಗೆಯಲ್ಲಿ ನಡೆಯುವ ಯುದ್ಧ, ಜೆರ್ರಿ ಅಲ್ಲಿ ಪೂರ್ಣಾವಧಿ ಸೈನಿಕ. ಸರಣಿಗೆ ಸಿಕ್ಕ ಏಳು ಆಸ್ಕರ್‌ಗಳಲ್ಲಿ ಮೊದಲನೆಯದು ಇದಕ್ಕೇ.

ಇಲ್ಲೊಂದು ತೊಡಕು ಹುಟ್ಟಿತು. ಚಿಕ್ಕವನೇ ಜಗಳ ತೆಗೆದು ಚಿಕ್ಕವನೇ ಗೆಲ್ಲುತ್ತ ಹೋದರೆ ನೋಡುವವರು ದೊಡ್ಡವನ ಕಡೆ ವಾಲುತ್ತಾರೆ. ಈಗಲೂ ದೊಡ್ಡವರಲ್ಲಿ ಬಹಳ ಮಂದಿ ಟಾಮ್ ಪಕ್ಷ. ಅದಕ್ಕೆ ಸ್ಟುಡಿಯೋ ಕಂಡುಕೊಂಡ ಮದ್ದು, ಜೆರ್ರಿಗಿಂತ ಚಿಕ್ಕವರನ್ನು ತರುವುದು. 1946ರ ‘ದಿ ಮಿಲ್ಕಿ ವೇಫ್’ನಲ್ಲಿ ಸದಾ ಹಸಿದ ಮರಿ ಇಲಿ ನಿಬಲ್ಸ್ ಬಾಗಿಲಿಗೆ ಬಂದು ಬೀಳುತ್ತಾನೆ, 1950ರಲ್ಲಿ ಬಾತುಕೋಳಿ ಮರಿ ಬರುತ್ತದೆ. ಮರಿ ಪಕ್ಕದಲ್ಲಿದ್ದರೆ ಜೆರ್ರಿ ಕದ್ದರೂ ಪೋಷಕ, ಹೊಡೆದರೂ ರಕ್ಷಕ.

ನಿಜವಾಗಿ ಬೆಳೆದವನು ನಾಯಿ, ಅಂದರೆ ಸ್ಪೈಕ್. 1942ರ ‘ಡಾಗ್ ಟ್ರಬಲ್’ನಲ್ಲಿ ಬುಲ್‌ಡಾಗ್‌ಗೆ ಹೆಸರೂ ಇಲ್ಲ, ಬೆಕ್ಕು–ಇಲಿ ಎರಡನ್ನೂ ಅಟ್ಟಾಡಿಸುವ ಮೃಗ. 1944ರ ‘ದಿ ಬಾಡಿಗಾರ್ಡ್’ನಲ್ಲಿ ಮಾತು ಬಂತು, ನಾಯಿ ಹಿಡಿಯುವವರ ಗಾಡಿಯಿಂದ ಬಿಡಿಸಿದ ಜೆರ್ರಿಗೆ, ಸಿಳ್ಳೆ ಹಾಕು ಬರುತ್ತೇನೆ ಎಂದು ಭಾಷೆ ಕೊಡುತ್ತಾನೆ. 1949ರ ‘ಲವ್ ದಟ್ ಪಪ್’ನಲ್ಲಿ ಮಗ ಟೈಕ್ ಬಂದ, ಸ್ಪೈಕ್ ಅಪ್ಪನಾದ. ಕತೆ ಕಟ್ಟುವವರಿಗೆ ಇದರಿಂದ ಎಷ್ಟು ಅನುಕೂಲ ನೋಡಿ: ಮೃಗವಾಗಿದ್ದಾಗ ನಾಯಿ ಯಾವಾಗ ಬೇಕಾದರೂ ಕಚ್ಚಬಹುದಿತ್ತು, ಅದರಲ್ಲಿ ಒತ್ತಡ ಹುಟ್ಟುವುದಿಲ್ಲ. ಅಪ್ಪನಾದ ಮೇಲೆ ಅವನಿಗೊಂದು ಷರತ್ತಿದೆ, ನನ್ನ ಮಗನ ಮೈ ಮುಟ್ಟಬೇಡ. ಇನ್ನು ಟಾಮ್ ಆ ಷರತ್ತು ಮುರಿಯುವಂತೆ ಮಾಡುವುದೊಂದೇ ಜೆರ್ರಿಯ ಕೆಲಸ. ಮೊದಲ ಚಿತ್ರದ ಗಾಜಿನ ಲೋಟದ ಜಾಗಕ್ಕೆ ನಾಯಿಮರಿ ಬಂದು ಕೂತಿತು.

ಆ ಲೋಟದ ಕಾನೂನು ಹೇಳುತ್ತಿದ್ದ ಹೆಂಗಸಿನ ಮಾತೂ ಹೇಳಬೇಕು. ಲಿಲಿಯನ್ ರಾಂಡಾಲ್ಫ್ ಧ್ವನಿ ಕೊಟ್ಟ ಆ ಕಪ್ಪು ಹೆಂಗಸಿನ ಪಾತ್ರಕ್ಕೆ ಹೆಚ್ಚಾಗಿ ಕಾಲು, ಜೋರು ದನಿ ಮಾತ್ರ, ಮುಖವಿಲ್ಲ. ಆಫ್ರಿಕನ್ ಅಮೆರಿಕನ್ನರನ್ನು ಅಚ್ಚಿಗೆ ಹಾಕಿ ಗೇಲಿ ಮಾಡುವ ಆ ಕಾಲದ ಚಾಳಿ ಅದು, ಆಗಲೇ ಆಕ್ಷೇಪ ಬಂದಿತ್ತು. 1952ರ ನಂತರ ಆ ಪಾತ್ರ ಬರಲಿಲ್ಲ. 1960ರ ದಶಕದಲ್ಲಿ ಟಿವಿಗಾಗಿ ಹಳೆಯ ಚಿತ್ರಗಳಲ್ಲಿಯೇ ಅವಳ ಜಾಗಕ್ಕೆ ತೆಳ್ಳಗಿನ ಬಿಳಿ ಹೆಂಗಸನ್ನು ಬರೆದು ಕೂರಿಸಿದರು. 1950ರ ದಶಕದ ಮಧ್ಯಕ್ಕೆ ಮುಖವಿರುವ ಗಂಡ–ಹೆಂಡತಿ ಮನೆಗೆ ಬಂದರು. ಟಾಮ್ ಅವರ ಮನೆಯ ಸಾಕುಬೆಕ್ಕಾದ. ಮುಖವಿಲ್ಲದ ಯಜಮಾನಿಕೆಯ ಹೆದರಿಕೆ ಹೋದದ್ದೇ ಅವನಲ್ಲೂ ಒಂದು ಮಂಕು.

ಆ ಮಂಕಿಗೆ ತೆರೆಯ ಅಗಲವೂ ಕಾರಣ. ಟಿವಿಗೆ ಪ್ರೇಕ್ಷಕರನ್ನು ಕಳಕೊಂಡ ಹಾಲಿವುಡ್ ಸಿನಿಮಾಸ್ಕೋಪ್ ಎಂಬ ಅಗಲ ತೆರೆಗೆ ಹೋಯಿತು, 1954ರ ‘ಪೆಟ್ ಪೀವ್’ನಿಂದ ಟಾಮ್ ಕೂಡ ಹೋದ. ಹಳೆಯ ಚೌಕಟ್ಟಿನ ಅಗಲ ಎತ್ತರದ 1.37 ಪಟ್ಟು, ಹೊಸದರದ್ದು ಸುಮಾರು ಎರಡೂವರೆ ಪಟ್ಟು. ಮೆಟ್ಟಿಲು, ಪರದೆ, ಕಪಾಟು ಹತ್ತಿ ಇಳಿಯುವ ಓಟಕ್ಕೆ ಎತ್ತರ ಬೇಕು. ಅದು ಸಿಗದೆ ಓಟವೆಲ್ಲ ಎಡದಿಂದ ಬಲಕ್ಕೆ ಎಂಬಂತಾಯಿತು. ಅಷ್ಟಗಲದ ಹಿನ್ನೆಲೆಗೆ ಹಿಂದಿನಂತೆ ಮರದ ಗೆರೆ, ಹೊಳೆವ ನೆಲ ಬಣ್ಣಿಸುತ್ತ ಕೂರುವಷ್ಟು ದುಡ್ಡಿರಲಿಲ್ಲ. ಬಯಲಿನಂಥ ಗೋಡೆಯ ಮುಂದೆ ಪಾತ್ರ ಎದ್ದು ಕಾಣಲು ದಪ್ಪ ಅಂಚು ಬಂತು. ದಪ್ಪ ಅಂಚಿನ ಹುಬ್ಬು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ನಡುವಿನ ಸೂಕ್ಷ್ಮ ಅದಕ್ಕೆ ಬಾರದು. ಈ ಚಿತ್ರಗಳನ್ನು ಹಳೆಯ ಟಿವಿಗೆ ಅಂಚು ಕತ್ತರಿಸಿ ಹಾಕಿದಾಗ ಹೆಚ್ಚುಕಡಿಮೆ ಅರ್ಧ ಚಿತ್ರವೇ ಹೋಗುತ್ತದೆ. ಟಾಮ್ ಯಾರನ್ನೋ ನೋಡಿ ಬೆಚ್ಚುತ್ತಾನೆ, ಯಾರನ್ನು ಎಂಬುದು ತೆರೆಯಲ್ಲೇ ಇರುವುದಿಲ್ಲ. ಹಾಗೆ ಕಂಡರೆ ನಿರ್ದೇಶಕರನ್ನು ಬೈಯಬೇಡಿ, ಪ್ರಿಂಟ್ ಬದಲಿಸಿ ನೋಡಿ.

ಆ ಕಾಲದ್ದರಲ್ಲಿ 1956ರ ‘ಬ್ಲೂ ಕ್ಯಾಟ್ ಬ್ಲೂಸ್’ ಒಂದನ್ನು ಬಿಡಬಾರದು. ಪ್ರೀತಿಸಿದವಳಿಗೆ ಟಾಮ್ ಕೊಟ್ಟ ಹೂವು, ಸೆಂಟು, ಉಂಗುರ ಎಲ್ಲವನ್ನೂ ಸಿರಿವಂತ ಬೆಕ್ಕು ಬುಚ್ ಅದರ ಎಷ್ಟೋ ಪಟ್ಟು ತಂದು ಮುಚ್ಚಿಹಾಕುತ್ತಾನೆ. ಟಾಮ್ ಸಾಲ ಮಾಡಿ ಕಾರು ಕೊಳ್ಳುತ್ತಾನೆ. ಕೊನೆಗೆ ಬೆಕ್ಕು, ಇಲಿ ಇಬ್ಬರೂ ಪ್ರೇಮಭಂಗವಾಗಿ ರೈಲು ಹಳಿಯ ಮೇಲೆ ಕೂತಿರುತ್ತಾರೆ, ದೂರದಿಂದ ರೈಲಿನ ಸದ್ದು. ಚಿಕ್ಕ ಮಕ್ಕಳಿಗೆ ತೋರಿಸುವ ಮುನ್ನ ಒಮ್ಮೆ ನೀವು ನೋಡಿಕೊಳ್ಳುವುದು ಒಳ್ಳೆಯದು.

ಹಳೆಯದನ್ನೇ ಮತ್ತೆ ಬಿಡುಗಡೆ ಮಾಡಿದರೂ ಹೆಚ್ಚುಕಡಿಮೆ ಹೊಸದರಷ್ಟೇ ಗಳಿಕೆ ಎಂದು ಲೆಕ್ಕ ಕಂಡ ಎಂಜಿಎಂ 1957ರಲ್ಲಿ ಕಾರ್ಟೂನ್ ವಿಭಾಗ ಮುಚ್ಚಿತು. ಮುಗಿದಿದ್ದ ಚಿತ್ರಗಳು 1958ರವರೆಗೆ ಬಂದವು. ಒಟ್ಟು 114.

ಮತ್ತೆ ಬೇಕೆನಿಸಿದಾಗ ಕೆಲಸ ಹೋದದ್ದು ಆಗಿನ ಚೆಕೊಸ್ಲೊವಾಕಿಯಾದ ಪ್ರಾಗ್‌ಗೆ, ಅಲ್ಲಿದ್ದ ಅಮೆರಿಕನ್ ನಿರ್ದೇಶಕ ಜೀನ್ ಡೈಚ್ ಅವರಿಗೆ. 1961–62ರಲ್ಲಿ 13 ಚಿತ್ರ, ಒಂದಕ್ಕೆ ಸುಮಾರು 10 ಸಾವಿರ ಡಾಲರ್. ಅಲ್ಲಿನ ಕಲಾವಿದರಿಗೆ ಮೂಲ ಸರಣಿಯ ಪರಿಚಯವೇ ಕಡಿಮೆ, ನೋಡಿ ಕಲಿಯಲು ಸಿಕ್ಕ ಹಳೆಯ ಚಿತ್ರಗಳು ಬೆರಳೆಣಿಕೆಯಷ್ಟು. ಇದನ್ನು ತೆಗಳುವುದು ಸುಲಭ, ಎಲ್ಲರೂ ತೆಗಳಿದ್ದಾರೆ. ಏನು ಕೆಟ್ಟಿತು ಎಂದು ನೋಡುವುದು ಹೆಚ್ಚು ಉಪಯೋಗ. ನಡುವಿನ ಚಿತ್ರಗಳು ಕಡಿಮೆಯಾಗಿ ಚಲನೆ ಎಗರುತ್ತದೆ. ಪೆಟ್ಟು ಬೀಳುವ ಮುಂಚಿನ ಅರೆಕ್ಷಣದ ತಡೆ ಇಲ್ಲದ್ದರಿಂದ ನಗು ಬರುವ ಹೊತ್ತಿಗೆ ಪೆಟ್ಟು ಮುಗಿದಿರುತ್ತದೆ. ಸದ್ದಿಗೆಲ್ಲ ಗವಿಯೊಳಗಿನ ಪ್ರತಿಧ್ವನಿ. ಹನ್ನಾ ಕತ್ತರಿಸಿ ತೆಗೆದಿದ್ದ ನರಳಿಕೆಯ ಬಾಲವನ್ನು ಇಲ್ಲಿ ಉದ್ದ ಮಾಡಿ ಬಿಟ್ಟಂತಾಯಿತು. ಮೂರು ಚಿತ್ರಗಳಲ್ಲಿ ಒಬ್ಬ ದಡೂತಿ ಮಾಲೀಕ ಸಿಟ್ಟಿನಿಂದ ಕೆಂಪಗಾಗಿ ಟಾಮ್‌ನನ್ನು ಬಡಿಯುತ್ತಾನೆ. ತಾನೇ ತೋಡಿದ ಗುಂಡಿಗೆ ಬಿದ್ದ ಬೆಕ್ಕನ್ನು ನೋಡಿ ನಗಬಹುದು, ಯಜಮಾನನಿಂದ ಬಡಿಸಿಕೊಳ್ಳುವ ಬೆಕ್ಕನ್ನು ನೋಡಿ ನಗುವುದು ಕಷ್ಟ. ಟಾಮ್ ಮೊದಲ ಸಲ ಬಲಿಪಶುವಾದ.

ಆಮೇಲೆ ವಾರ್ನರ್ ಬ್ರದರ್ಸ್ ಸ್ಟುಡಿಯೋದಿಂದ ಹೊರಬಿದ್ದಿದ್ದ ನಿರ್ದೇಶಕ ಚಕ್ ಜೋನ್ಸ್ 34 ಚಿತ್ರ ಮಾಡಿದರು. ದುಡ್ಡು ತಕ್ಕಮಟ್ಟಿಗಿತ್ತು, ಚಿತ್ರಿಕೆ ಸೊಗಸು, ಜೆರ್ರಿಗೆ ದೊಡ್ಡ ಕಣ್ಣು, ದೊಡ್ಡ ಕಿವಿ. ಆದರೆ ಜೋನ್ಸ್ ಭಂಗಿಯ ಮನುಷ್ಯ. ಅವರ ಟಾಮ್ ಒಂದು ಭಂಗಿಗೆ ಬಂದು ನಿಂತು, ಒಂದೇ ಹುಬ್ಬೆತ್ತಿ, ಕ್ಯಾಮೆರಾ ಕಡೆ ನೋಡುತ್ತಾನೆ. ಹೋಲಿಸಲು ಹೇಳಿಮಾಡಿಸಿದಂಥ ಜೋಡಿ ಇದೆ. 1947ರ ‘ದಿ ಕ್ಯಾಟ್ ಕನ್ಚೆರ್ಟೋ’ದಲ್ಲಿ ಟಾಮ್ ಸಂಗೀತಕಾರ ಫ್ರಾಂಜ್ ಲಿಸ್ಟ್‌ನ ಹಂಗೇರಿಯನ್ ರಾಪ್ಸೊಡಿಯನ್ನು ಪಿಯಾನೋದಲ್ಲಿ ನುಡಿಸುತ್ತಾನೆ, ಪಿಯಾನೋದೊಳಗೆ ಮಲಗಿದ್ದ ಜೆರ್ರಿ ಏಳುತ್ತಾನೆ. 1964ರ ‘ದಿ ಕ್ಯಾಟ್ ಅಬವ್ ಅಂಡ್ ದಿ ಮೌಸ್ ಬಿಲೋ’ದಲ್ಲಿ ಟಾಮ್ ಒಪೆರಾ ಹಾಡುತ್ತಾನೆ, ವೇದಿಕೆಯ ಕೆಳಗೆ ಜೆರ್ರಿಗೆ ನಿದ್ದೆ ಕೆಡುತ್ತದೆ. ಕೊನೆಯಲ್ಲಿ ಎರಡರಲ್ಲೂ ಮೆರೆಯುವವನು ಜೆರ್ರಿ. ಮೊದಲಿನದರಲ್ಲಿ ಸಭೆಯ ಮುಂದೆ ಸಿಟ್ಟು ತೋರಿಸಲಾಗದ ಕಲಾವಿದನ ಪಾಡು ಬೆರಳುಗಳಲ್ಲಿ ನಡೆಯುತ್ತದೆ: ಮುಖ ಗಂಭೀರ, ಕಣ್ಣು ಅರ್ಧ ಮುಚ್ಚಿದೆ, ಕೈ ಮಾತ್ರ ಇಲಿಯನ್ನು ಹುಡುಕುತ್ತಿದೆ. ಎರಡನೆಯದರಲ್ಲಿ ಪಾಡನ್ನು ಮುಖವೇ ಹೇಳಿಬಿಡುತ್ತದೆ. ಚೆನ್ನಾಗಿಲ್ಲವೆಂದಲ್ಲ, ಈ ಟಾಮ್ ನಮ್ಮೊಂದಿಗೆ ಸೇರಿ ತನ್ನನ್ನೇ ನೋಡಿ ನಗುತ್ತಾನೆ, ಹಳೆಯವನಿಗೆ ತಾನು ನಗೆಪಾಟಲೆಂದು ಗೊತ್ತಿರಲಿಲ್ಲ.

1975ರ ಟಿವಿ ಸರಣಿಯನ್ನು ಮಾಡಿದವರು ಮತ್ತೆ ಹನ್ನಾ–ಬಾರ್ಬೆರಾ ಕಂಪನಿಯೇ. ಮಕ್ಕಳ ಟಿವಿಯಲ್ಲಿ ಹಿಂಸೆಯ ಬಗ್ಗೆ ಅಮೆರಿಕದಲ್ಲಿ ಪೋಷಕ ಸಂಘಟನೆಗಳ ಒತ್ತಡವಿತ್ತು, ಚಾನೆಲ್‌ಗಳು ಕಟ್ಟುಪಾಡು ಬಿಗಿ ಮಾಡಿದ್ದವು. ಹೊಡೆಯುವಂತಿಲ್ಲ, ಅಟ್ಟುವಂತಿಲ್ಲ. ಹಾಗಾಗಿ 48 ಕಂತುಗಳಲ್ಲಿ ಬೆಕ್ಕು, ಇಲಿ ಸ್ನೇಹಿತರಾಗಿ ಊರೂರು ಸುತ್ತಿ, ಆಟದ ಪಂದ್ಯಗಳಿಗೆ ಇಳಿದು, ಯಾರಿಗೋ ಸಹಾಯ ಮಾಡುತ್ತವೆ. ಬೋ ಟೈ ಬಂದದ್ದು ಆಗ. ಈ ಕಂಪನಿಯ ಟಿವಿ ಪಾತ್ರಗಳಲ್ಲಿ ಕೊರಳಪಟ್ಟಿ, ಟೈ ಹೇರಳ. ಮೈ ಒಂದು ಸೆಲ್ಲಿನಲ್ಲಿ, ತಲೆ ಇನ್ನೊಂದರಲ್ಲಿ ಬರೆದು, ಕೂಡಿಸಿದ ಗೆರೆ ಕಾಣದಂತೆ ಕೊರಳಿಗೆ ಏನಾದರೂ ಕಟ್ಟಿದರೆ ತಲೆಯನ್ನಷ್ಟೇ ಆಡಿಸಿ ಕೆಲಸ ಮುಗಿಸಬಹುದು. ಹೆಚ್ಚು ಮಾತಾಡುವ, ಇದೇ ಕಂಪನಿಯ ಯೋಗಿ ಕರಡಿಗೆ ಈ ಉಪಾಯ ಒಗ್ಗುತ್ತದೆ. ಮೈಯೆಲ್ಲ ಆಡಿಸಿಯೇ ಬದುಕಿದ, ಮಾತಿಲ್ಲದ ಟಾಮ್‌ನಿಗೆ ಅಂಥ ಮಿತವ್ಯಯ ಒಗ್ಗಲಿಲ್ಲ.

ಮಾತು ಕೊಟ್ಟು ನೋಡಿದ್ದೂ ಆಯಿತು, 1992ರ ಪೂರ್ಣಪ್ರಮಾಣದ ಚಿತ್ರದಲ್ಲಿ. ಗೆಳೆತನ, ಹಾಡು, ಸಂಭಾಷಣೆ. ಅದರ ಬಗ್ಗೆ ಇಷ್ಟು ಸಾಕು. 1990ರ ಮರಿ ಟಾಮ್, ಮರಿ ಜೆರ್ರಿ ಸರಣಿಯೇ ಅದಕ್ಕಿಂತ ವಾಸಿ, ಅಟ್ಟಾಟವಾದರೂ ಇತ್ತು. ಮಾತಿಲ್ಲದ್ದರ ಬೆಲೆ ಕನ್ನಡದ ಮನೆಗಳಿಗೆ ಚೆನ್ನಾಗಿ ಗೊತ್ತು. ಡಬ್ಬಿಂಗ್ ವಿರೋಧದಿಂದಾಗಿ ನಮ್ಮ ಭಾಷೆಯಲ್ಲಿ ಕಾರ್ಟೂನುಗಳೇ ಅಪರೂಪವಾಗಿದ್ದ ವರ್ಷಗಳಲ್ಲಿ ಇಂಗ್ಲಿಷ್, ಹಿಂದಿ ಬಾರದ ಅಜ್ಜಿಯೂ ಮೊಮ್ಮಗುವಿನ ಜೊತೆ ಕೂತು ನೋಡಬಹುದಾದದ್ದು ಹೆಚ್ಚಾಗಿ ಇಂಥದ್ದೇ.

2014ರ ಟಿವಿ ಸರಣಿಯನ್ನು ಫ್ಲಾಶ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಮಾಡಿದರು. ಇಂಥ ಕೆಲಸದಲ್ಲಿ ಕಣ್ಣು, ಹುಬ್ಬು, ಬಾಯಿ, ಕೈ ಒಂದೊಂದು ಬಿಡಿಭಾಗವಾಗಿ ಕಡತದಲ್ಲಿರುತ್ತವೆ, ಬೇಕಾದಲ್ಲಿ ತಂದು ಕೂರಿಸುವುದು. ಅಳತೆ ಎಂದೂ ತಪ್ಪುವುದಿಲ್ಲ, ಮ್ಯೂಸ್–ಸ್ಪೆನ್ಸ್ ಥರ ಕೈ ಬದಲಾದದ್ದು ಬೇಗ ಗೊತ್ತಾಗುವುದೂ ಇಲ್ಲ. ಹೊಸ ಹುಬ್ಬು ಬೇಕೆಂದರೆ ಯಾರಾದರೂ ಅದನ್ನು ಬರೆದು ಕಡತಕ್ಕೆ ಸೇರಿಸಬೇಕು. ಕೆಲಸದ ಭರದಲ್ಲಿ ತಾನಾಗಿ ಹುಟ್ಟುವುದು ಕಡಿಮೆ.

ಇದನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ಚಿತ್ರಮಂದಿರಕ್ಕೆಂದು 1967ರವರೆಗೆ ಮಾಡಿದ 161 ಚಿತ್ರಗಳನ್ನೂ ನೋಡಬೇಕಿಲ್ಲ. 1949ರ ‘ಜೆರ್ರೀಸ್ ಡೈರಿ’ಯಿಂದ ಶುರುಮಾಡಿ. ಅದರಲ್ಲಿ 1943ರಿಂದ 46ರವರೆಗಿನ ಹಳೆಯ ತುಣುಕುಗಳ ನಡುವೆ 49ರ ಟಾಮ್ ಕೂತು ದಿನಚರಿ ಓದುತ್ತಾನೆ, ಮುಖ ಬದಲಾದದ್ದು ಪಕ್ಕಪಕ್ಕದಲ್ಲೇ ಕಾಣುತ್ತದೆ. ಅದಕ್ಕಿಂತ ಒಳ್ಳೆಯದು ಕಂಪನಿ ತಾನೇ ಮಾಡಿಕೊಂಡ ಮರುಚಿತ್ರಗಳು: 1949ರ ‘ಹ್ಯಾಚ್ ಅಪ್ ಯುವರ್ ಟ್ರಬಲ್ಸ್’ 1956ರಲ್ಲಿ ‘ದಿ ಎಗ್ ಅಂಡ್ ಜೆರ್ರಿ’ ಆಯಿತು, ‘ಲವ್ ದಟ್ ಪಪ್’ 1957ರಲ್ಲಿ ‘ಟಾಪ್ಸ್ ವಿತ್ ಪಾಪ್ಸ್’ ಆಯಿತು. ಕತೆ, ಚಲನೆ ಹೆಚ್ಚುಕಡಿಮೆ ಅದೇ. ಅಂಚು, ಹಿನ್ನೆಲೆ, ತೆರೆಯ ಅಗಲ ಮಾತ್ರ ಬೇರೆ. ಮೊದಲು ಹಳೆಯದನ್ನು ನೋಡಿ, ಅದೇ ದಿನ ಹೊಸದನ್ನು ಹಾಕಿ. ಸ್ಪೈಕ್ ಮಗನ ತಲೆ ಸವರುವ ಕಡೆ ಎರಡರಲ್ಲೂ ನಿಲ್ಲಿಸಿ ಅವನ ಕಣ್ಣಿನ ಸುತ್ತಲ ಗೀಟು ಗಮನಿಸಿ. ಆಮೇಲೆ ಟಾಮ್‌ನ ಹುಬ್ಬಿಗೆ ಬನ್ನಿ.